ಹಸಿರು ವೈರು ಕತ್ತರಿಸಬೇಡಿ: ಮೈಕ್ ಸೆಟ್ಟಿನ ಪ್ರಶ್ನೆಗಳಿಗೆ ಉತ್ತರ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಮಂಟಪ, ಶಾಲೆ, ಗುಡಿಗಳಿಗೆ ಸೌಂಡ್ ಸಿಸ್ಟಂ ಕೂರಿಸಿ ಕೊಡುತ್ತೇನೆ. ಹದಿನಾರನೇ ವಯಸ್ಸಿಗೆ ಕಾಕಾನ ಬೆನ್ನು ಹತ್ತಿ ಬನಶಂಕರಿ ಜಾತ್ರೆಗೆ ಹೋದೆ. ಅಲ್ಲಿ ನಾಟಕ ಕಂಪನಿಯ ಟೆಂಟಿನಲ್ಲಿ ವೈರು ಸುತ್ತುತ್ತಾ ಈ ಕೆಲಸ ಕಲಿತೆ. ಹೋದ ಸಂಚಿಕೆಯಲ್ಲಿ ಮೈಕ್ ಸೆಟ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಪತ್ರಿಕೆಯವರು ಕೇಳಿದ್ದರು. ತುಂಬಾ ಪತ್ರ ಬಂದಿವೆ. ಆರನ್ನು ಆರಿಸಿಕೊಂಡಿದ್ದೇನೆ. ಹೊಸಬರಿಗೆ ಒಂದು ಮಾತು. ಮಿಕ್ಸರ್ ಅಂದರೆ ಎಲ್ಲಾ ಮೈಕಿನ ದನಿ ಸೇರಿಸುವ ಪೆಟ್ಟಿಗೆ. ಆಂಪ್ ಅಂದರೆ ಆ ದನಿ ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುವ ಆಂಪ್ಲಿಫೈಯರ್. ಇವನ್ನು ಕೂರಿಸುವ ಕಪಾಟು ರ‍್ಯಾಕ್. ದನಿಯನ್ನು ಬೇರೆಯಾಗಿ ಏರಿಳಿಸಬಹುದಾದ ಒಂದೊಂದು ಜಾಗ ಒಂದೊಂದು ಜೋನ್.

ಪ್ರಶ್ನೆ: ನಮ್ಮ ಸಮುದಾಯ ಭವನಕ್ಕೆ ರ‍್ಯಾಕ್‌ನಲ್ಲಿ ಕೂರಿಸುವ ಮಿಕ್ಸರ್ ತಂದಿದ್ದೇವೆ. ಆರು ಮೈಕ್, ಎರಡು ಲೈನ್ ಇನ್‌ಪುಟ್, ಎರಡು ಜೋನ್ ಔಟ್‌ಪುಟ್ ಇವೆ. 250 ವ್ಯಾಟ್ ಮತ್ತು 120 ವ್ಯಾಟ್‌ನ ಎರಡು ಆಂಪ್ ಇವೆ. ಹಾಲ್‌ಗೆ ಎಂಟು ಕಾಲಂ ಸ್ಪೀಕರ್, ಊಟದ ಹಾಲ್‌ಗೆ ಆರು ಸಣ್ಣ ಸ್ಪೀಕರ್. ಊರಿನ ಎಲೆಕ್ಟ್ರಿಷಿಯನ್ ಕೆಲಸಕ್ಕೆ ತಯಾರಿದ್ದಾರೆ. ಎಲ್ಲಿಂದ ಶುರು ಮಾಡಬೇಕು?
ಭವನ ಸಮಿತಿಯ ಅಧ್ಯಕ್ಷರು, ಗುಳೇದಗುಡ್ಡ

ಉತ್ತರ: ಅಧ್ಯಕ್ಷರೆ, ಹಾಳೆ, ಪೆನ್ಸಿಲ್‌ನಿಂದ ಶುರು ಮಾಡಿ. ಡ್ರಿಲ್ ಮಷಿನ್ ಆಮೇಲೆ.

ಭವನದ ನಕ್ಷೆ ಬರೆಯಿರಿ. ವೇದಿಕೆ ಎಲ್ಲಿ, ಮೈಕ್ ಪಾಯಿಂಟ್ ಎಲ್ಲಿ, ಸ್ಪೀಕರ್ ಎಲ್ಲಿ, ಕರೆಂಟಿನ ಬೋರ್ಡ್ ಎಲ್ಲಿ ಅಂತ ಗುರುತು ಹಾಕಿ. ಒಂದೊಂದು ವೈರಿಗೆ ಒಂದೊಂದು ನಂಬರ್ ಕೊಡಿ. ಅದೇ ನಂಬರನ್ನು ವೈರಿನ ಎರಡೂ ತುದಿಗೆ ಅಂಟಿಸಿ. ಐದು ವರ್ಷ ಕಳೆದ ಮೇಲೆ ಯಾವುದೋ ಮದುವೆಯಲ್ಲಿ ಮೈಕ್ ನಿಂತುಹೋಗುತ್ತದೆ. ಆಗ ಮೂವತ್ತು ಕಪ್ಪು ವೈರುಗಳ ಮುಂದೆ ಕೂತು ಯಾವುದು ಯಾವುದು ಅಂತ ಎಳೆದು ನೋಡುವ ಪಾಡು ಯಾರಿಗೂ ಬೇಡ. ಆ ನಕ್ಷೆಯ ಒಂದು ಪ್ರತಿ ರ‍್ಯಾಕ್ ಬಾಗಿಲ ಒಳಗೇ ಇರಲಿ.

ರ‍್ಯಾಕನ್ನು ವೇದಿಕೆ ಹಿಂದಿನ ಕತ್ತಲೆ ಕೋಣೆಯಲ್ಲಿ ಇಡಬೇಡಿ. ಬಹಳ ಕಡೆ ಹಾಗೇ ಮಾಡುತ್ತಾರೆ. ಪಾತ್ರೆ, ಶಾಮಿಯಾನದ ಬಟ್ಟೆ, ಮುರಿದ ಕುರ್ಚಿ, ಅವುಗಳ ಜೊತೆ ಮಿಕ್ಸರ್. ಮೈಕ್ ನೋಡಿಕೊಳ್ಳುವ ಹುಡುಗನಿಗೆ ವೇದಿಕೆ ಕಾಣಬೇಕು, ಹಾಲಿನ ಸದ್ದು ಕಿವಿಗೆ ಬೀಳಬೇಕು. ಮಂಗಲಾಷ್ಟಕ ಹೇಳುವಾಗ ಆ ಮೈಕ್ ಏರಬೇಕು. ಅಕ್ಕಿಕಾಳು ಬಿದ್ದ ಕೂಡಲೇ ಸನಾದಿಯವರ ಮೈಕ್ ಏರಬೇಕು. ಕಾಣದ ಕಡೆ ಕೂತವನು ಇದನ್ನು ಹೇಗೆ ಮಾಡುತ್ತಾನೆ? ಹಾಲಿನ ಒಂದು ಬದಿಯ ಗೋಡೆ, ವೇದಿಕೆಗಿಂತ ಸ್ವಲ್ಪ ಹಿಂದೆ, ಬಿಸಿಲು ಬೀಳದ ಜಾಗ. ಅದು ಚೊಲೋ.

ಈಗ ರ‍್ಯಾಕ್. ಮುಖದ ಪಟ್ಟಿಯ ಅಗಲ 19 ಇಂಚು, ಅಂದರೆ 482.6 ಮಿಲಿಮೀಟರ್. ಎತ್ತರವನ್ನು ಯು ಲೆಕ್ಕದಲ್ಲಿ ಹೇಳುತ್ತಾರೆ. 1 ಯು ಅಂದರೆ 44.45 ಮಿಲಿಮೀಟರ್. ನಿಮ್ಮ ಮಿಕ್ಸರ್ 2 ಯು, ಆಂಪ್‌ಗಳು ತಲಾ 2 ಯು ಅಂದುಕೊಳ್ಳೋಣ. ಅಲ್ಲಿಗೆ ಆರಾಯಿತು. ಮೈಕ್ ಇಡುವ ಡ್ರಾಯರ್‌ಗೆ 2 ಯು, ಒಂದಾದ ಮೇಲೊಂದು ಆನ್ ಮಾಡುವ ಸೀಕ್ವೆನ್ಸರ್‌ಗೆ 1 ಯು, ನಡುವೆ ಗಾಳಿ ಆಡಲು 3 ಯು. ಒಟ್ಟು 12. ಆರು ಸಾಕಲ್ಲ ಅಂತ 6 ಯು ರ‍್ಯಾಕ್ ತಂದರೆ ಒಂದರ ಮೇಲೊಂದು ಒತ್ತಿ ಕೂರಿಸಬೇಕಾಗುತ್ತದೆ. ನಮ್ಮ ಕಡೆ ಮದುವೆ ಸೀಜನ್ ಅಂದರೆ ಏಪ್ರಿಲ್, ಮೇ. ಹೊರಗೇ 40 ಡಿಗ್ರಿ ಇರುವಾಗ ಆ ಡಬ್ಬಿಯ ಒಳಗೆ ಎಷ್ಟಿರಬೇಡ? ಆಂಪ್ ತಾನೇ ಬಿಸಿಯಾಗಿ ಬಂದ್ ಆಗುತ್ತದೆ. ಜನ ಮಿಕ್ಸರ್ ಕೆಟ್ಟಿತು ಅನ್ನುತ್ತಾರೆ.

ಭಾರದ ಆಂಪ್ ಕೆಳಗಿರಲಿ. ಮಿಕ್ಸರ್ ಮೇಲೆ, ಕೈಗೆ ಎಟುಕುವ ಎತ್ತರದಲ್ಲಿ. ಆಂಪ್‌ನ ಟ್ರಾನ್ಸ್‌ಫಾರ್ಮರ್ ಮಿಕ್ಸರ್‌ಗೆ ಅಂಟಿಕೊಂಡಿದ್ದರೆ ಅದೇ ಗುಂಯ್ ಅನ್ನುವ ಸದ್ದು ತರುತ್ತದೆ. ಹಿಂದೆ ನಿಂತು ನೋಡಿದಾಗ ಒಂದು ಬದಿಯಿಂದ ಕರೆಂಟು, ಸ್ಪೀಕರ್ ವೈರುಗಳು ಇಳಿಯಲಿ. ಇನ್ನೊಂದು ಬದಿಯಿಂದ ಮೈಕ್ ವೈರುಗಳು. ಗಾಳಿ ಕಿಂಡಿಗೆ ಸಣ್ಣ ಜಾಲರಿ ಹಾಕಿಸಿ. ನಾನು ರಿಪೇರಿಗೆ ಬಿಚ್ಚಿದ ಎಷ್ಟೋ ಆಂಪ್‌ಗಳಲ್ಲಿ ಸುಟ್ಟ ಹಲ್ಲಿ ಸಿಕ್ಕಿದೆ.

ಮೈಕ್ ವೈರು ಮತ್ತು ಸ್ಪೀಕರ್ ವೈರು ಒಂದೇ ಪೈಪಿನಲ್ಲಿ ಹೋಗಲೇಬಾರದು. ಎಲೆಕ್ಟ್ರಿಷಿಯನ್‌ಗೆ ಇದನ್ನು ಎರಡು ಸಲ ಹೇಳಿ. ಮೈಕಿನಿಂದ ಬರುವುದು ವೋಲ್ಟಿನ ಸಾವಿರದ ಕೆಲವೇ ಭಾಗ. ಸ್ಪೀಕರ್ ಲೈನಿನಲ್ಲಿ ಓಡುವುದು 100 ವೋಲ್ಟ್ ತನಕ. ಅಕ್ಕಪಕ್ಕ ಮಲಗಿಸಿದರೆ ಆ 100 ವೋಲ್ಟ್ ಈ ಸಣ್ಣ ವೈರಿಗೆ ಸೋರಿ ಬಂದು ಸೀಟಿ ಹೊಡೆಯುತ್ತದೆ. ನಡುವೆ ಒಂದು ಅಡಿ ಅಂತರ ಬಿಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಕರೆಂಟಿನ ವೈರಿಗೂ ಇದೇ ಮಾತು.

ಮೈಕ್ ಲೈನಿಗೆ ಎರಡು ಕೋರ್ ಇರುವ ಶೀಲ್ಡ್ ವೈರು ಬೇಕು, ಅಂದರೆ ಒಳಗೆ ಎರಡು ಎಳೆ, ಅವುಗಳ ಸುತ್ತ ತಂತಿಯ ಜಾಲರಿ. ಮೂರು ಪಿನ್ನಿನ ಮೈಕ್ ಕನೆಕ್ಟರ್‌ಗೆ ಎಕ್ಸ್‌ಎಲ್‌ಆರ್ ಅನ್ನುತ್ತಾರೆ. ಅದರ 1ನೇ ಪಿನ್ ಶೀಲ್ಡ್, 2ನೇ ಪಿನ್ ಪ್ಲಸ್, 3ನೇ ಪಿನ್ ಮೈನಸ್. ಮಿಕ್ಸರ್ ಹಿಂದೆ ಹಸಿರು ಬಣ್ಣದ ಸ್ಕ್ರೂ ಕನೆಕ್ಟರ್ ಇದ್ದರೆ ಅಲ್ಲಿಯೂ ಇದೇ ಮೂರು ಜಾಗ ಇರುತ್ತವೆ. ಎರಡು ಕೋರ್ ಯಾಕೆ ಅಂತ ಕೇಳಬಹುದು. ಒಂದೇ ದನಿ ಎರಡೂ ವೈರಿನಲ್ಲಿ ಉಲ್ಟಾ ಪಲ್ಟಾ ಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಗಲಾಟೆ ಮಾತ್ರ ಎರಡರಲ್ಲೂ ಒಂದೇ ರೀತಿ ಇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗಲಾಟೆ ಹೋಗಿ ದನಿ ಉಳಿಯುತ್ತದೆ. ಹಾಗಾಗಿ ನಲವತ್ತು ಮೀಟರ್ ಮೈಕ್ ವೈರು ಎಳೆದರೂ ತೊಂದರೆ ಇಲ್ಲ.

ಸ್ಕ್ರೂ ಕನೆಕ್ಟರ್‌ಗೆ ಹಾಕುವಾಗ ತುದಿಯನ್ನು ಆರೇಳು ಮಿಲಿಮೀಟರ್ ಮಾತ್ರ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆದು, ತುದಿಗೆ ಲಗ್ಸ್ ಅನ್ನುವ ಸಣ್ಣ ಲೋಹದ ಕೊಳವೆ ಒತ್ತಿ, ಆಮೇಲೆ ಸ್ಕ್ರೂ. ಬೆಸುಗೆ ಸವರಿ ಹಾಕಬೇಡಿ. ಬೆಸುಗೆಯ ಲೋಹ ಮೆತ್ತಗೆ, ಸ್ಕ್ರೂ ಕೆಳಗೆ ನಿಧಾನಕ್ಕೆ ಚಪ್ಪಟೆಯಾಗುತ್ತಾ ಹೋಗುತ್ತದೆ. ವರ್ಷ ತುಂಬುವುದರೊಳಗೆ ಸಡಿಲಾಗಿ ಚರ ಚರ ಅನ್ನುತ್ತದೆ. ಒಂದು ಎಳೆ ಹೊರಗೆ ಚಾಚಿ ಪಕ್ಕದ ಸ್ಕ್ರೂಗೆ ತಾಗಿದರೂ ಆ ಚಾನಲ್ ಸತ್ತಂತೆ. ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿ.

ಭಾಷಣದ ಪೋಡಿಯಂಗೆ ಬಗ್ಗಿಸುವ ಸಪೂರ ಮೈಕ್ ಹಾಕಿದ್ದರೆ ಅದಕ್ಕೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮಿಕ್ಸರ್‌ನಿಂದ ಮೈಕ್ ವೈರಿನಲ್ಲೇ ಹೋಗುವ ಕರೆಂಟು, ಬೇಕಾಗುತ್ತದೆ. ಕೈಯಲ್ಲಿ ಹಿಡಿಯುವ ಸಾದಾ ಮೈಕಿಗೆ ಬೇಡ. ಆ ಸ್ವಿಚ್ ಒತ್ತುವ ಮೊದಲು ಫೇಡರ್, ಅಂದರೆ ಆ ಮೈಕಿನ ದನಿ ಏರಿಳಿಸುವ ಗುಂಡಿ, ಪೂರಾ ಇಳಿಸಿ. ಇಲ್ಲದಿದ್ದರೆ ಢಬ್ ಅಂತ ಸ್ಪೀಕರ್‌ಗೆ ಪೆಟ್ಟು.

ಸ್ಪೀಕರ್ ಕಡೆಗೆ ಬರೋಣ. ನಿಮ್ಮವು 100 ವೋಲ್ಟ್ ಲೈನಿನವು. ಸ್ಪೀಕರ್ ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರಲ್ಲಿ 5, 10, 20 ವ್ಯಾಟ್ ಅಂತ ಟ್ಯಾಪ್, ಅಂದರೆ ಲೈನ್ ಹಚ್ಚುವ ಬೇರೆ ಬೇರೆ ತುದಿ, ಇರುತ್ತವೆ. ಹಾಲಿನ ಎಂಟನ್ನೂ 20 ವ್ಯಾಟಿಗೆ ಇಡಿ. ಒಟ್ಟು 160. ಆಂಪ್‌ನ ನೂರಕ್ಕೆ ಎಂಬತ್ತರಷ್ಟು ಮಾತ್ರ ಭಾರ ಹೊರಿಸಬೇಕು ಅನ್ನುವುದು ನಮ್ಮ ಕಸುಬಿನ ಲೆಕ್ಕ. 250ಕ್ಕೆ 200 ಆಯಿತು. 160 ಆರಾಮಾಗಿ ಕೂರುತ್ತದೆ. ಊಟದ ಹಾಲಿನ ಆರಕ್ಕೆ 10 ವ್ಯಾಟ್ ಸಾಕು. 60 ಆಯಿತು, 120ರ ಆಂಪ್‌ಗೆ ಅದು ಹಗುರ. ಮುಂದೆ ಅಂಗಳಕ್ಕೆ ಒಂದು ಹಾರ್ನ್ ಹಾಕುವ ಮನಸ್ಸಾದರೆ ಜಾಗ ಉಳಿದಿದೆ.

100 ವೋಲ್ಟ್ ಲೈನಿನ ಉಪಯೋಗ ಏನು ಅಂತ ನಿಮ್ಮ ಎಲೆಕ್ಟ್ರಿಷಿಯನ್ ಕೇಳುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ. 1.5 ಚದರ ಮಿಲಿಮೀಟರ್ ತಾಮ್ರದ ವೈರು 100 ಮೀಟರ್ ಎಳೆದರೆ ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 2.4 ಓಮ್. 4 ಓಮ್‌ನ ಬಾಕ್ಸ್ ಸ್ಪೀಕರ್‌ಗೆ ಇದು ದೊಡ್ಡ ಹೊರೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯನ್ನು ವೈರೇ ತಿನ್ನುತ್ತದೆ. ನಿಮ್ಮ ಹಾಲಿನ 160 ವ್ಯಾಟ್ 100 ವೋಲ್ಟಿನಲ್ಲಿ 62.5 ಓಮ್ ಆಗುತ್ತದೆ. ಅದರ ಮುಂದೆ 2.4 ಏನೂ ಅಲ್ಲ. ಆದರೆ ಒಂದು ಎಚ್ಚರಿಕೆ. ಇದನ್ನು ಮಲ್ಟಿಮೀಟರ್‌ನ ಓಮ್‌ನಲ್ಲಿ ಅಳೆಯಬೇಡಿ. ಅದು ಟ್ರಾನ್ಸ್‌ಫಾರ್ಮರ್ ಸುರುಳಿಯ ತಂತಿಯನ್ನಷ್ಟೇ ಅಳೆದು ತೀರಾ ಕಡಿಮೆ ತೋರಿಸುತ್ತದೆ. ಲೈನ್ ಶಾರ್ಟ್ ಆಗಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ. ಹಾಡಿನ ಕರೆಂಟಿಗೆ ಲೈನ್ ಒಡ್ಡುವ ತಡೆ ಅಳೆಯಲು ಇಂಪೀಡೆನ್ಸ್ ಮೀಟರ್ ಬೇರೆ ಬರುತ್ತದೆ. ಮತ್ತೆ, ಹಾಡು ನಡೆಯುವಾಗ ಆ ಟರ್ಮಿನಲ್ ಮುಟ್ಟಬೇಡಿ. 100 ವೋಲ್ಟ್ ಅಂದರೆ 100 ವೋಲ್ಟೇ.

ಎಲ್ಲಾ ಸ್ಪೀಕರ್‌ಗೂ ಪ್ಲಸ್‌ಗೆ ಪ್ಲಸ್ಸೇ ಇರಲಿ. ಒಂದು ಉಲ್ಟಾ ಆದರೆ ಎರಡು ಸ್ಪೀಕರ್ ನಡುವೆ ಕೂತವರಿಗೆ ದನಿ ಪೊಳ್ಳು ಪೊಳ್ಳಾಗಿ ಕೇಳುತ್ತದೆ.

ಕೊನೆಗೆ ದನಿ ಹೊಂದಿಸುವುದು. ಮೊದಲು ಮಿಕ್ಸರ್ ಆನ್, ಕೊನೆಗೆ ಆಂಪ್. ಆಫ್ ಮಾಡುವಾಗ ಮೊದಲು ಆಂಪ್. ಆಂಪ್‌ನ ವಾಲ್ಯೂಮ್ ಪೂರಾ ಇಳಿಸಿಡಿ. ಮಿಕ್ಸರ್‌ನಲ್ಲಿ ಒಂದು ಮೈಕಿನ ಫೇಡರನ್ನು ಸೊನ್ನೆ ಗುರುತಿಗೆ ಇಟ್ಟು ಒಬ್ಬರಿಗೆ ಮಾತಾಡಲು ಹೇಳಿ. ಹಲೋ ಹಲೋ, ಮೈಕ್ ಟೆಸ್ಟಿಂಗ್ ಬೇಡ. ನಿಜವಾಗಿ ಭಾಷಣ ಮಾಡುವ ಹಾಗೆ ಮಾತಾಡಲಿ. ಹಸಿರು ದೀಪ ಆಡುತ್ತಾ ಹಳದಿ ಆಗಾಗ ಮಿನುಗುವ ತನಕ ಗೇನ್, ಅಂದರೆ ಮೈಕಿನ ದನಿ ಮಿಕ್ಸರ್ ಒಳಗೆ ಎಷ್ಟು ಬರಬೇಕು ಅನ್ನುವ ಗುಂಡಿ, ಏರಿಸಿ. ಕೆಂಪು ಬರಬಾರದು. ಆರೂ ಮೈಕ್ ಹೀಗೆ ಆದ ಮೇಲೆ ಆಂಪ್ ಏರಿಸಿ, ಕೊನೇ ಸಾಲಿನವರಿಗೆ ಕೇಳುವಷ್ಟು. ಮಿಕ್ಸರ್‌ನಲ್ಲಿ ಗೇನ್ ಇಳಿಸಿಟ್ಟು ಆಂಪ್ ಪೂರಾ ಏರಿಸಿದರೆ ಸುಂಯ್ ಅನ್ನುವ ಸದ್ದು ಬಿಟ್ಟೂಬಿಡದೆ ಇರುತ್ತದೆ. ಮಾತಿನ ಮೈಕ್‌ಗಳಿಗೆ ಲೋ ಕಟ್ ಒತ್ತಿಡಿ. 80, 100 ಹರ್ಟ್ಸ್ ಕೆಳಗಿನ ಗುಡುಗುಡು ಹೋಗುತ್ತದೆ, ಲೈನ್ ಟ್ರಾನ್ಸ್‌ಫಾರ್ಮರ್‌ಗಳಿಗೂ ಹಗುರ.

ಪ್ರಶ್ನೆ: ನಮ್ಮ ಗುಡಿಯ ಸಭಾಭವನದಲ್ಲಿ ಮಿಕ್ಸರ್‌ಗೆ ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಅಂತ ಹಮ್ ಬರುತ್ತದೆ. ಮೈಕ್ ಸೆಟ್ಟಿನ ಹುಡುಗ ಮಿಕ್ಸರ್ ಪ್ಲಗ್‌ನ ದಪ್ಪ ಪಿನ್ ಕತ್ತರಿಸಿದ. ಹಮ್ ಪೂರ್ತಿ ಹೋಯಿತು. ಆದರೆ ಒಬ್ಬರು ಇದು ತಪ್ಪು ಅನ್ನುತ್ತಿದ್ದಾರೆ. ಹೌದಾ?
ಗುಡಿಯ ಟ್ರಸ್ಟಿ, ಜಮಖಂಡಿ

ಉತ್ತರ: ಯಜಮಾನರೆ, ಈ ಪತ್ರಿಕೆ ಓದಿ ಮುಗಿಸುವ ಮೊದಲು ಎದ್ದು ಹೋಗಿ ಆ ಪ್ಲಗ್ ಬದಲಿಸಿ. ಅಲ್ಲಿಯ ತನಕ ಆ ಮಿಕ್ಸರ್ ಆನ್ ಮಾಡಬೇಡಿ.

ನಾನು ಇದನ್ನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ಆಗ ನನಗೆ ಇಪ್ಪತ್ತು ವರ್ಷ. ಒಂದು ಶಾಲೆಯ ಹಾಲಿನಲ್ಲಿ ಇದೇ ರೀತಿ ಹಮ್ ಬರುತ್ತಿತ್ತು. ಕಾಕಾ ಊರಲ್ಲಿರಲಿಲ್ಲ. ನಾನೇ ಹೋಗಿ ಆಂಪ್ಲಿಫೈಯರ್ ಪ್ಲಗ್ ಬಿಚ್ಚಿ, ಒಳಗಿನ ಹಸಿರು ವೈರನ್ನು, ಅಂದರೆ ದಪ್ಪ ಪಿನ್ನಿಗೆ ಬರುವ ಅರ್ಥಿಂಗ್ ವೈರನ್ನು, ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದೆ. ಹಮ್ ನಿಂತಿತು. ಹೆಡ್‌ಮಾಸ್ತರು ಚಹಾ ತರಿಸಿದರು. ನನಗೂ ಖುಷಿಯಾಯಿತು.

ಮುಂದಿನ ವರ್ಷ ಗ್ಯಾದರಿಂಗ್. ಬೆಳಿಗ್ಗೆ ವೇದಿಕೆಯ ಕಲ್ಲು ತೊಳೆದಿದ್ದರು, ಇನ್ನೂ ಹಸಿ ಆರಿರಲಿಲ್ಲ. ನಾಲ್ಕನೇ ಈಯತ್ತೆಯ ಹುಡುಗಿ ಬರಿಗಾಲಲ್ಲಿ ವಚನ ಹೇಳಲು ಬಂದಳು. ಸ್ಟ್ಯಾಂಡ್ ಎತ್ತರ ಇತ್ತು. ಹಾಗಾಗಿ ಕೈ ಚಾಚಿ ಮೈಕನ್ನೇ ಹಿಡಿದಳು. ಹಿಡಿದವಳು ಚೀರಿ ಹಿಂದಕ್ಕೆ ಬಿದ್ದಳು. ಮೈಕ್ ಅವಳ ಕೈಯಿಂದ ಬಿಟ್ಟುಹೋಯಿತು. ಬಿಡದಿದ್ದರೆ ಏನಾಗುತ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸಲು ಹೋಗುವುದಿಲ್ಲ. ಅವಳ ಅಮ್ಮ ಓಡಿ ಬಂದು ಆ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಿದ್ದು ನನ್ನ ಕಣ್ಣಲ್ಲೇ ಇದೆ.

ಸಂಜೆ ಕಾಕಾ ಮೀಟರ್ ತಂದರು. ಒಂದು ಕಡ್ಡಿ ಮೈಕಿಗೆ, ಇನ್ನೊಂದು ಒದ್ದೆ ಕಲ್ಲಿಗೆ. ಮುಳ್ಳು ನೂರು ದಾಟಿತು. ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ ಹಳೆಯದಾಗಿ ಕರೆಂಟು ಡಬ್ಬಿಗೆ ಸೋರುತ್ತಿತ್ತು. ಡಬ್ಬಿಯಿಂದ ಶೀಲ್ಡ್ ವೈರು ಹಿಡಿದು ಮೈಕಿನ ಲೋಹದ ಮೈಗೆ ಬಂದಿತ್ತು. ಹಸಿರು ವೈರು ಇದ್ದಿದ್ದರೆ ಆ ಸೋರಿಕೆ ಸೀದಾ ನೆಲಕ್ಕೆ ಹೋಗುತ್ತಿತ್ತು. ಅದರ ದಾರಿ ನಾನು ಕತ್ತರಿಸಿದ್ದೆ. ಕಾಕಾ ಬಯ್ಯಲಿಲ್ಲ. "ತಮ್ಮಾ, ಈ ವೈರು ಮಷಿನ್‌ಗೆ ಅಲ್ಲೋ, ಮಂದಿಗೆ ಹಾಕಿದ್ದು" ಅಂದರು, ಅಷ್ಟೇ.

ಇನ್ನು ಆ ಹಮ್ ಎಲ್ಲಿಂದ ಬರುತ್ತಿತ್ತು ಗೊತ್ತಾ? ಆಂಪ್‌ಗೆ ಕರೆಂಟು ವೇದಿಕೆಯ ಬೋರ್ಡಿನಿಂದ, ಹಾಡು ಹಾಕುವ ಟೇಪ್ ಡೆಕ್‌ಗೆ ಆಫೀಸ್ ಕೋಣೆಯ ಬೋರ್ಡಿನಿಂದ. ಎರಡು ಕಡೆ ಅರ್ಥಿಂಗ್ ಬೇರೆ ಬೇರೆ, ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ. ಅದು ಆಡಿಯೊ ವೈರಿನ ಶೀಲ್ಡ್ ಮೂಲಕ ಸುತ್ತು ಹೊಡೆಯುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಅದೇ ಗುಂಯ್ ಆಗಿ ಕೇಳುತ್ತದೆ. ಕಾಕಾ ಒಂದು ಎಕ್ಸ್‌ಟೆನ್ಶನ್ ಎಳೆದು ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರು. ಹಸಿರು ವೈರನ್ನೂ ಜೋಡಿಸಿದರು. ಹಮ್ ಇರಲಿಲ್ಲ.

ನಿಮ್ಮ ಕಡೆಯೂ ಇದೇ ಇರಬೇಕು. ಪ್ಲಗ್ ಸರಿ ಮಾಡಿದ ಮೇಲೆ ಒಂದು ಪರೀಕ್ಷೆ ಮಾಡಿ. ಹಾಡು ಹಚ್ಚಿ, ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಬ್ಯಾಟರಿಯ ಮೇಲೆ ಓಡುವಾಗ ಹಮ್ ಮಾಯವಾದರೆ ಅದು ಅರ್ಥಿಂಗ್ ಸುತ್ತು. ಮೊದಲು ಚಾರ್ಜರನ್ನು ರ‍್ಯಾಕ್ ಇರುವ ಬೋರ್ಡಿಗೇ ಹಾಕಿ. ಆದರೂ ಉಳಿದರೆ ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ. ಒಳಗೆ ದನಿ ದಾಟುತ್ತದೆ, ಆದರೆ ತಂತಿ ತಂತಿಗೆ ತಾಗುವುದಿಲ್ಲ. ಸುತ್ತು ಅಲ್ಲಿಗೇ ಮುರಿಯುತ್ತದೆ. ಮುರಿಯಬೇಕಾದ್ದು ಆಡಿಯೊ ವೈರಿನಲ್ಲಿ, ಕರೆಂಟಿನ ವೈರಿನಲ್ಲಿ ಅಲ್ಲ.

ಜೊತೆಗೆ ಗುಡಿಯ ಅರ್ಥಿಂಗ್ ಗುಂಡಿಯನ್ನೂ ನೋಡಿಸಿ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಗುಂಡಿಯ ಪೈಪು ಮಣ್ಣು ಬಿಟ್ಟು ಸುಮ್ನೆ ನಿಂತಿರುತ್ತದೆ. ಇದ್ದಿಲು, ಉಪ್ಪು ಹಾಕಿ, ವಾರಕ್ಕೊಮ್ಮೆ ನೀರು ಹಾಕುವುದನ್ನು ಗುಡಿಯ ಕಸ ಗುಡಿಸುವವರಿಗೆ ಒಪ್ಪಿಸಿ. ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರ್ ಹಚ್ಚಿ ಅಳೆಯಲಿ. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಯಾರ ಮೈಯಿಂದಲಾದರೂ ಕರೆಂಟು ನೆಲಕ್ಕೆ ಇಳಿದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಡಿಯುತ್ತದೆ. ಗುಡಿಯಲ್ಲಿ ಮೈಕ್ ಹಿಡಿಯುವವರ ಕೈ ಎಷ್ಟೋ ಸಲ ಒದ್ದೆ ಇರುತ್ತದೆ. ಅಭಿಷೇಕ ಮುಗಿಸಿ ಬಂದು ಹಾಗೇ ಮೈಕ್ ತಗೊಳ್ಳುತ್ತಾರೆ ಅಲ್ವಾ?

ಆ ಹುಡುಗನಿಗೆ ಬಯ್ಯಬೇಡಿ. ಈ ಪುಟ ಕೊಟ್ಟು ಓದಲು ಹೇಳಿ.

ಪ್ರಶ್ನೆ: ಮೊಬೈಲಿನಿಂದ ಮಿಕ್ಸರ್‌ಗೆ ನಾಡಗೀತೆ ಹಾಕಿದರೆ ವಾದ್ಯ ಕೇಳುತ್ತದೆ, ಹಾಡುವವರ ದನಿ ಕೇಳುವುದೇ ಇಲ್ಲ. ಮೊಬೈಲಿನಲ್ಲಿ ಸರಿ ಇದೆ.
ಶಿಕ್ಷಕಿ, ಹುನಗುಂದ

ಉತ್ತರ: ಮೇಡಂ, ನಿಮ್ಮ ವೈರು ಮಿಕ್ಸರ್‌ನ ಬ್ಯಾಲೆನ್ಸ್ಡ್ ಮೈಕ್ ಜಾಕ್‌ಗೆ, ಅಂದರೆ ಪ್ಲಸ್, ಮೈನಸ್ ಎರಡು ಎಳೆಯ ಜಾಕ್‌ಗೆ, ಹೋಗಿದೆ. ಮೊಬೈಲಿನ ಜಾಕ್‌ನಲ್ಲಿ ಎಡ, ಬಲ ಅಂತ ಎರಡು ದನಿ. ಮಿಕ್ಸರ್ ಅವುಗಳನ್ನು ಪ್ಲಸ್, ಮೈನಸ್ ಅಂತ ತಿಳಿದು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇರುತ್ತದೆ, ಕಳೆದರೆ ಸೊನ್ನೆ. ಮಿಕ್ಸರ್ ಹಿಂದೆ ಆರ್‌ಸಿಎ ಅನ್ನುವ ಎರಡು ದುಂಡು ಪಿನ್ ಹಾಕುವ ಲೈನ್ ಇನ್‌ಪುಟ್ ಇರುತ್ತದೆ, ಅಲ್ಲಿಗೆ ಹಾಕಿ. ಒಂದು ಜಾಕ್‌ನಿಂದ ಎರಡು ಪಿನ್ ಆಗುವ ವೈರು ಎಲ್ಲಾ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ.

ಪ್ರಶ್ನೆ: ಹಳೆಯ 8 ಓಮ್ ಬಾಕ್ಸ್ ಎರಡಿವೆ. ಹೊಸ ಆಂಪ್‌ನ 100 ವೋಲ್ಟ್ ಟರ್ಮಿನಲ್‌ಗೆ ಜೋಡಿಸಬಹುದಾ?
ಓದುಗರು, ಮುಧೋಳ

ಉತ್ತರ: ಬೇಡ. 8 ಓಮ್‌ಗೆ 100 ವೋಲ್ಟ್ ಕೊಟ್ಟರೆ ಒಂದೊಂದು ಬಾಕ್ಸೂ 1250 ವ್ಯಾಟ್ ಎಳೆಯಲು ನೋಡುತ್ತದೆ. ಆಂಪ್ ಬಂದ್ ಆಗುತ್ತದೆ, ಇಲ್ಲವೇ ಸುಡುತ್ತದೆ. ಒಂದೊಂದು ಬಾಕ್ಸಿಗೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿ ಜೋಡಿಸಿ. ಅಥವಾ ಆಂಪ್ ಹಿಂದೆ 4 ಓಮ್, 8 ಓಮ್ ಅಂತ ಬೇರೆ ಟರ್ಮಿನಲ್ ಇದ್ದರೆ ಅದನ್ನು ಬಳಸಿ, ಆದರೆ ಆಗ 100 ವೋಲ್ಟಿನದ್ದು ಖಾಲಿ ಬಿಡಿ. ಎರಡನ್ನೂ ಒಟ್ಟಿಗೆ ಹಚ್ಚಬೇಡಿ.

ಪ್ರಶ್ನೆ: ನಮ್ಮದು ಹೆಣ್ಣುಮಕ್ಕಳ ಭಜನಿ ಮಂಡಳಿ. ಒಂದು ಮೈಕಿದ್ದಾಗ ಚಲೋ ಇತ್ತು. ಈಗ ಮಠದವರು ನಾಲ್ಕು ಮೈಕ್ ಕೊಟ್ಟಿದ್ದಾರೆ. ನಾಲ್ಕೂ ಹಚ್ಚಿದರೆ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ದನಿ ಇಳಿಸಿದರೆ ಹೊರಗೆ ಕೇಳುವುದಿಲ್ಲ.
ಓದುಗರು, ಬನಹಟ್ಟಿ

ಉತ್ತರ: ಅಕ್ಕಾರೆ, ತಪ್ಪು ನಿಮ್ಮದಲ್ಲ, ಮೈಕಿನದೂ ಅಲ್ಲ. ಸ್ಪೀಕರ್‌ನ ದನಿ ಮತ್ತೆ ಮೈಕಿಗೆ ಬಿದ್ದಾಗ ಸೀಟಿ ಹೊಡೆಯುತ್ತದೆ. ತೆರೆದ ಮೈಕು ಎರಡರಷ್ಟಾದಾಗಲೆಲ್ಲ ದನಿಯನ್ನು 3 ಡೆಸಿಬಲ್ ಇಳಿಸಬೇಕಾಗುತ್ತದೆ. ಒಂದರಿಂದ ಎರಡಕ್ಕೆ 3, ಎರಡರಿಂದ ನಾಲ್ಕಕ್ಕೆ ಇನ್ನೂ 3. ಅಂದರೆ 6 ಡೆಸಿಬಲ್ ಕಳೆದುಕೊಂಡಿರಿ.

ಆ 6 ಡೆಸಿಬಲ್ ವಾಪಸ್ ತರುವ ದಾರಿ ಸುಲಭ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ ಸುಮಾರು 6 ಡೆಸಿಬಲ್ ಹೆಚ್ಚಾಗುತ್ತದೆ. ಈಗ ಒಂದು ಗೇಣು ದೂರ ಇದ್ದರೆ ಅರ್ಧ ಗೇಣಿಗೆ ತನ್ನಿ. ಇಬ್ಬಿಬ್ಬರು ಒಂದು ಮೈಕಿಗೆ ಮುಖ ಹತ್ತಿರ ಮಾಡಿ ಕೂರಿ. ಹಾರ್ಮೋನಿಯಂಗೆ ಬೇರೆ ಮೈಕ್ ಬೇಡ, ಅದರ ದನಿ ತಾನೇ ನಿಮ್ಮ ಮೈಕಿಗೆ ಬೀಳುತ್ತದೆ. ತಬಲಾದ ಮೈಕನ್ನು ಪಲ್ಲವಿಗೆ ಏರಿಸಿ, ಮಾತಿನ ನಡುವೆ ಇಳಿಸಿ. ಹಾಡದೇ ಇರುವ ಮೈಕ್ ತೆರೆದಿಡಬೇಡಿ.

ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸ ಬಹಳ ಜನರಿಗಿದೆ. ಜಾಲರಿ ಮುಚ್ಚಿದರೆ ಮುಂದಿನ ದನಿ ಮಾತ್ರ ಹಿಡಿಯುವ ಮೈಕು ಎಲ್ಲಾ ಕಡೆಯ ದನಿ ಹಿಡಿಯಲು ಶುರು ಮಾಡುತ್ತದೆ. ಕೆಳಗೆ, ಹಿಡಿಕೆಯಲ್ಲಿ ಹಿಡಿಯಿರಿ. ಮತ್ತೆ ಸ್ಪೀಕರ್‌ಗಳು ನಿಮ್ಮ ಬೆನ್ನ ಹಿಂದೆ ಇದ್ದರೆ ಮಠದವರಿಗೆ ಹೇಳಿ ಮುಂದಕ್ಕೆ ಸರಿಸಿ, ಜನರ ಕಡೆ ಮುಖ ಮಾಡಿಸಿ. ಇಷ್ಟು ಮಾಡಿ ನೋಡಿ, ಮುಂದಿನ ಅಮವಾಸ್ಯೆ ಭಜನಿಗೆ ಸೀಟಿ ಇರುವುದಿಲ್ಲ.

ಪ್ರಶ್ನೆ: ಐಟಿಐ ಮುಗಿಸಿದ್ದೇನೆ. ಈ ಕೆಲಸ ಕಲಿಯುವ ಆಸೆ. ರಾತ್ರಿ ಕಾರ್ಯಕ್ರಮಗಳಿಗೆ ಕಾನೂನು ಏನು ಅಂತಲೂ ಹೇಳಿ.
ಓದುಗ, ಬೀಳಗಿ

ಉತ್ತರ: ತಮ್ಮಾ, ಕಾನೂನು ಮೊದಲು. ಶಬ್ದ ಮಾಲಿನ್ಯ ನಿಯಮ 2000ರಲ್ಲಿ ಬಂತು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಲೌಡ್ ಸ್ಪೀಕರ್ ಹಚ್ಚುವಂತಿಲ್ಲ. ಮುಚ್ಚಿದ ಸಭಾಭವನದ ಒಳಗಿನ ಮಾತಿಗೆ ವಿನಾಯಿತಿ ಇದೆ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ಶಾಂತ ವಲಯ ಅಂತ ಘೋಷಿಸಬಹುದು. ಹಗಲಲ್ಲೂ ಲೌಡ್ ಸ್ಪೀಕರ್‌ಗೆ ಬರೆದುಕೊಟ್ಟ ಪರ್ಮಿಷನ್ ಬೇಕು. ಹಾಗಾಗಿ ಮಂಟಪಕ್ಕೆ ಮಿಕ್ಸರ್ ಕೂರಿಸುವಾಗ ಅಂಗಳದ ಹಾರ್ನನ್ನು ಬೇರೆ ಜೋನ್ ಮಾಡು. ಹತ್ತು ಹೊಡೆದ ಕೂಡಲೇ ಅದೊಂದು ನಾಬ್ ಸೊನ್ನೆಗೆ ಬರಲಿ. ಒಳಗಿನ ಕೆಲಸ ನಿಲ್ಲುವುದಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗರು, ಮಲಗಿದ ಮುದುಕರು ಇರುತ್ತಾರೆ.

ಕಲಿಯುವುದಕ್ಕೆ ದೊಡ್ಡ ಮಷಿನ್ ಬೇಡ. ಐದು ಮೀಟರ್ ಶೀಲ್ಡ್ ವೈರು, ಒಂದು ಗಂಡು, ಒಂದು ಹೆಣ್ಣು ಎಕ್ಸ್‌ಎಲ್‌ಆರ್, 25 ವ್ಯಾಟಿನ ಸೋಲ್ಡರಿಂಗ್ ಐರನ್ ತಗೋ. ಕನೆಕ್ಟರ್‌ನ ಹಿಂದಿನ ರಬ್ಬರ್ ಬೂಟು ಮತ್ತು ಕವರ್ ಮೊದಲು ವೈರಿಗೆ ಪೋಣಿಸು. ಎಲ್ಲರೂ ಇದನ್ನು ಮರೆತು, ಬೆಸುಗೆ ಆದ ಮೇಲೆ ಮತ್ತೆ ಬಿಚ್ಚುತ್ತಾರೆ. ಮೇಲಿನ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಷ್ಟು ಸುಲಿ. ಬ್ಲೇಡು ಒಳಗಿನ ಜಾಲರಿ ಎಳೆಗೆ ತಾಗಬಾರದು. ಜಾಲರಿಯನ್ನು ಬಿಡಿಸಿ, ಒಂದೇ ಎಳೆಯಾಗಿ ಹೊಸೆದು 1ಕ್ಕೆ. ಕೆಂಪು 2ಕ್ಕೆ, ಬಿಳಿ 3ಕ್ಕೆ. ಪಿನ್ನಿನ ಬಟ್ಟಲನ್ನು ಐರನ್‌ನಿಂದ ಬಿಸಿ ಮಾಡಿ ಅದರೊಳಗೆ ಬೆಸುಗೆ ಕರಗಿಸು, ಆಮೇಲೆ ವೈರಿನ ತುದಿ ಇಳಿಸು, ಐರನ್ ತೆಗೆದು ಮೂರು ಎಣಿಸುವ ತನಕ ಅಲ್ಲಾಡಿಸಬೇಡ. ಬೆಸುಗೆ ಹೊಳೆಯಬೇಕು. ಬೂದಿ ಬಣ್ಣ, ಉಂಡೆ ಉಂಡೆ ಇದ್ದರೆ ಒಳಗೆ ಹಿಡಿದಿಲ್ಲ, ಮತ್ತೆ ಮಾಡು.

ಆಮೇಲೆ ಮೀಟರ್‌ನಲ್ಲಿ 1ರಿಂದ 1, 2ರಿಂದ 2, 3ರಿಂದ 3 ಬೀಪ್ ಬರುತ್ತದಾ ನೋಡು. 1ರಿಂದ 2, 2ರಿಂದ 3, 1ರಿಂದ 3 ಬರಬಾರದು. ವೈರನ್ನು ಬಗ್ಗಿಸುತ್ತಾ ಇನ್ನೊಂದು ಸಲ ನೋಡು. ಹತ್ತು ಕೇಬಲ್ ಮಾಡು. ಹತ್ತನೆಯದನ್ನು ಕನೆಕ್ಟರ್ ಬಿಚ್ಚಿ ಒಂದು ಫೋಟೊ ತೆಗೆದು ಪತ್ರಿಕೆಗೆ ಕಳಿಸು. ಬೆಸುಗೆ ನೋಡಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.